ಮಕ್ಕಳಿಗೆ ಕೆಂಗಣ್ಣು ಬಂದಾಗ: ಕಣ್ಣಿಗೆ ಏನು ಹಾಕಬೇಕು, ಏನು ಹಾಕಬಾರದು, ಯಾವಾಗ ಆಸ್ಪತ್ರೆಗೆ ಹೋಗಬೇಕು

ಶಾಲೆಗಳು ಶುರುವಾಗಿ ಮುಂಗಾರು ಬಲಿಯುತ್ತಿದ್ದಂತೆ ಕೆಂಗಣ್ಣಿನ ಕಾಲವೂ ಬರುತ್ತದೆ. 2023ರ ಜುಲೈ ಮತ್ತು ಆಗಸ್ಟ್‌ನಲ್ಲಿ ಕರ್ನಾಟಕದಲ್ಲಿ ಅದು ಎಷ್ಟು ಹರಡಿತೆಂದರೆ ಆರೋಗ್ಯ ಇಲಾಖೆಯೇ ಮುನ್ನೆಚ್ಚರಿಕೆಯ ಸೂಚನೆಗಳನ್ನು ಹೊರಡಿಸಬೇಕಾಯಿತು. ಕಣ್ಣು ಬೇನೆ, ಕೆಂಗಣ್ಣು, ಮದ್ರಾಸ್ ಐ ಎಂದೆಲ್ಲ ನಾವು ಕರೆಯುವ ಈ ಕಾಯಿಲೆಯಲ್ಲಿ ಊದಿಕೊಳ್ಳುವುದು ಕಂಜಂಕ್ಟೈವಾ ಎಂಬ ತೆಳು ಪೊರೆ. ಕಣ್ಣಿನ ಬಿಳಿ ಭಾಗವನ್ನೂ ರೆಪ್ಪೆಗಳ ಒಳಮೈಯನ್ನೂ ಹೊದ್ದಿರುವ ಪೊರೆ ಇದು. ಅದರೊಳಗಿನ ಸಣ್ಣ ರಕ್ತನಾಳಗಳು ಹಿಗ್ಗಿದಾಗ ಕಣ್ಣು ಕೆಂಪಾಗಿ ಕಾಣುತ್ತದೆ.

ಈ ಕಾಯಿಲೆ ಬಹುಪಾಲು ಮಕ್ಕಳಲ್ಲಿ ಯಾವ ಔಷಧವೂ ಇಲ್ಲದೆ ಒಂದೆರಡು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಶಾಶ್ವತ ಹಾನಿಯಾದ ಎಷ್ಟೋ ಮಕ್ಕಳಲ್ಲಿ ಆ ಹಾನಿ ಕಾಯಿಲೆಯಿಂದ ಆದದ್ದಲ್ಲ. ಯಾರೋ ಹೇಳಿದರೆಂದು ಕಣ್ಣಿಗೆ ಹಾಕಿದ ಹನಿ, ರಸ, ಎಣ್ಣೆಗಳಿಂದ ಆದದ್ದು. ಆದ್ದರಿಂದ ಈ ಲೇಖನದಲ್ಲಿ ಮಾಡಬೇಕಾದ್ದರಷ್ಟೇ ಜಾಗವನ್ನು ಮಾಡಬಾರದ್ದಕ್ಕೂ ಕೊಟ್ಟಿದ್ದೇನೆ.

ಹೆಜ್ಜೆ 1: ಮೊದಲು ಅಪಾಯದ ಚಿಹ್ನೆಗಳನ್ನು ಹುಡುಕಿ

ಕಣ್ಣು ಕೆಂಪಾಗಿದ್ದು ಕಂಡ ಕೂಡಲೇ ಮಗುವನ್ನು ಬೆಳಕಿರುವ ಕಿಟಕಿಯ ಬಳಿ ಕೂರಿಸಿ, ಕೈ ತೊಳೆದುಕೊಂಡು ಸಮಾಧಾನವಾಗಿ ನೋಡಿ. ಕೆಳಗಿನವುಗಳಲ್ಲಿ ಒಂದಿದ್ದರೂ ಮನೆಮದ್ದು, ಔಷಧದ ಅಂಗಡಿ ಎರಡನ್ನೂ ಬಿಟ್ಟು ಅದೇ ದಿನ ವೈದ್ಯರಿಗೆ ತೋರಿಸಿ.

- ಮಗುವಿಗೆ ಇನ್ನೂ 28 ದಿನ ತುಂಬಿಲ್ಲ.
- ಬರಿಯ ಕಿರಿಕಿರಿಯಲ್ಲ, ಕಣ್ಣೊಳಗೆ ಜೋರಾದ ನೋವಿದೆ.
- ಬೆಳಕಿಗೆ ಕಣ್ಣು ಬಿಡಲು ಆಗುತ್ತಿಲ್ಲ. ಕಿಟಕಿ ತೆರೆದರೆ ಮಗು ಮುಖ ಮುಚ್ಚಿಕೊಳ್ಳುತ್ತದೆ.
- ಗೀಜು ಒರೆಸಿದ ಮೇಲೂ ದೃಷ್ಟಿ ಮಸುಕಾಗಿದೆ.
- ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಅಥವಾ ಮಂಜು ಕಾಣುತ್ತದೆ.
- ರೆಪ್ಪೆ ಊದಿ ಕೆಂಪಾಗಿದೆ, ಜೊತೆಗೆ ಜ್ವರವಿದೆ. ಕಣ್ಣು ಹೊರಳಿಸಿದರೆ ನೋವು ಅಥವಾ ಗುಡ್ಡೆ ಮುಂದೆ ಬಂದಂತೆ ತೋರುವುದು ಇದ್ದರೆ ತಡ ಮಾಡಲೇಬೇಡಿ. ಸೋಂಕು ಕಣ್ಣಿನ ಹಿಂಭಾಗಕ್ಕೆ ಇಳಿದಿರಬಹುದು, ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ.
- ರೆಪ್ಪೆಯ ಮೇಲೆ ಅಥವಾ ಕಣ್ಣಿನ ಸುತ್ತ ನೀರುಗುಳ್ಳೆಗಳಿವೆ. ಹರ್ಪಿಸ್ ವೈರಸ್ ಹೀಗೆ ಬರುತ್ತದೆ.
- ಕಣ್ಣಿಗೆ ಪೆಟ್ಟಾಗಿದೆ, ಕಡ್ಡಿ ಚುಚ್ಚಿದೆ ಅಥವಾ ಏನೋ ಸಿಡಿದಿದೆ.
- ಕಾಂಟ್ಯಾಕ್ಟ್ ಲೆನ್ಸ್ ಹಾಕುವ ಹದಿಹರೆಯದ ಮಗು. ಲೆನ್ಸ್ ತೆಗೆಸಿ, ಮತ್ತೆ ಹಾಕಲು ಬಿಡಬೇಡಿ.

ನವಜಾತ ಶಿಶುವಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆರಿಗೆಯ ವೇಳೆ ತಾಯಿಯಿಂದ ಬರುವ ಗೊನೊರಿಯಾ ಸೋಂಕು ಸಾಮಾನ್ಯವಾಗಿ ಹುಟ್ಟಿದ 2ರಿಂದ 5 ದಿನಗಳೊಳಗೆ, ಕ್ಲಮೈಡಿಯಾ ಸೋಂಕು 5ರಿಂದ 14 ದಿನಗಳೊಳಗೆ ಕಣ್ಣಿನಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲನೆಯದು ಬಹು ಬೇಗ ಕಾರ್ನಿಯಾವನ್ನೇ, ಅಂದರೆ ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪದರವನ್ನೇ, ತೂತು ಮಾಡಬಲ್ಲದು. ಬಾಣಂತಿಯನ್ನೂ ಕೂಸನ್ನೂ ಹೊರಗೆ ಕರೆದುಕೊಂಡು ಹೋಗಬಾರದೆಂಬ ಕಟ್ಟುಪಾಡು ಇಂಥ ಹೊತ್ತಿನಲ್ಲಿ ಅಡ್ಡ ಬರಬಾರದು. ಕೂಸಿನ ಕಣ್ಣು ಊದಿ ಕೀವು ಸುರಿಯುತ್ತಿದ್ದರೆ ರಾತ್ರಿಯಾದರೂ ಹೊರಡಿ.

ಇದಕ್ಕೆ ಹತ್ತಿರವಾಗಿ ಕಂಡರೂ ಅಪಾಯವಿಲ್ಲದ ಇನ್ನೊಂದು ಸ್ಥಿತಿಯಿದೆ. ಕೂಸಿನ ಕಣ್ಣು ಕೆಂಪಾಗಿರುವುದಿಲ್ಲ, ಆದರೆ ಸದಾ ನೀರು ಸೋರುತ್ತದೆ, ಬೆಳಿಗ್ಗೆ ಒಂದಿಷ್ಟು ಗೀಜು ಅಂಟಿರುತ್ತದೆ. ಕಣ್ಣೀರ ನಾಳ ಇನ್ನೂ ಪೂರ್ತಿ ತೆರೆದಿಲ್ಲದಿರುವುದು ಇದಕ್ಕೆ ಕಾರಣ. ಬಹುತೇಕ ಮಕ್ಕಳಲ್ಲಿ ವರ್ಷ ತುಂಬುವುದರೊಳಗೆ ತಾನೇ ತೆರೆದುಕೊಳ್ಳುತ್ತದೆ. ಒಮ್ಮೆ ವೈದ್ಯರಿಗೆ ತೋರಿಸಿ, ಮೂಗಿನ ಬುಡದ ಪಕ್ಕದಲ್ಲಿ ಮಾಡುವ ಮಾಲೀಶನ್ನು ಅವರಿಂದಲೇ ಕಲಿತುಕೊಳ್ಳಿ.

ಕೆಂಪು ಕಣ್ಣು ಇಡೀ ದೇಹದ ಕಾಯಿಲೆಯ ಒಂದು ಭಾಗವಾಗಿಯೂ ಬರಬಹುದು. ಜ್ವರ, ಕೆಮ್ಮು, ನೆಗಡಿಯ ಜೊತೆ ಕಣ್ಣು ಕೆಂಪಾಗಿ, ಕೆಲವು ದಿನಗಳಲ್ಲಿ ಮುಖದಿಂದ ಕೆಳಕ್ಕೆ ಕೆಂಪು ದದ್ದು ಇಳಿದರೆ ದಡಾರವನ್ನು ಶಂಕಿಸಿ. ಐದು ದಿನ ಬಿಡದ ಜ್ವರ, ಗೀಜಿಲ್ಲದೆ ಎರಡೂ ಕಣ್ಣು ಕೆಂಪು, ಒಡೆದ ಕೆಂಪು ತುಟಿ, ಊದಿದ ಕೈಕಾಲು ಇವು ಒಟ್ಟಾಗಿ ಕಂಡರೆ ಅದು ಕವಾಸಾಕಿ ಕಾಯಿಲೆ ಇರಬಹುದು. ಅದು ಹೃದಯದ ರಕ್ತನಾಳಗಳಿಗೆ ತೊಂದರೆ ಮಾಡುವುದರಿಂದ ಮಕ್ಕಳ ವೈದ್ಯರೇ ಬೇಗ ನೋಡಬೇಕು.

ಹೆಜ್ಜೆ 2: ಯಾವ ಬಗೆಯ ಕೆಂಗಣ್ಣು ಎಂದು ಅಂದಾಜು ಮಾಡಿ

ಮನೆಯಲ್ಲಿ ಖಚಿತವಾಗಿ ಹೇಳಲು ಸಾಧ್ಯವಿಲ್ಲ. ವೈದ್ಯರಿಗೂ ಕೆಲವೊಮ್ಮೆ ಕಷ್ಟವೇ. ಆದರೂ ಕೆಲವು ಗುರುತುಗಳು ದಾರಿ ತೋರಿಸುತ್ತವೆ.

ವೈರಸ್‌ನಿಂದ ಬಂದದ್ದಾದರೆ ನೀರು ಹೆಚ್ಚು, ಗೀಜು ಕಡಿಮೆ. ಒಂದು ಕಣ್ಣಿನಲ್ಲಿ ಶುರುವಾಗಿ ಕೆಲವೇ ದಿನಗಳಲ್ಲಿ ಇನ್ನೊಂದಕ್ಕೂ ಬರುತ್ತದೆ. ಮಕ್ಕಳು "ಕಣ್ಣಲ್ಲಿ ಮರಳು ಬಿದ್ದಿದೆ" ಎನ್ನುತ್ತಾರೆ. ಗಂಟಲು ನೋವು, ನೆಗಡಿ, ಸಣ್ಣ ಜ್ವರ ಜೊತೆಗಿರಬಹುದು. ಕಿವಿಯ ಮುಂದೆ ಬೆರಳಿಟ್ಟರೆ ಚಿಕ್ಕ ಗಂಟು ಸಿಗಬಹುದು. ಸಾಮೂಹಿಕವಾಗಿ ಹರಡುವ ಕೆಂಗಣ್ಣಿಗೆ ಹೆಚ್ಚಿನ ಸಲ ಅಡಿನೋವೈರಸ್ ಕಾರಣ. ಮೊದಲ ಮೂರ್ನಾಲ್ಕು ದಿನ ಇದು ಏರುತ್ತದೆ, ಆಮೇಲೆ ಇಳಿಯುತ್ತದೆ. ಪೂರ್ತಿ ವಾಸಿಯಾಗಲು ಒಂದರಿಂದ ಎರಡು ವಾರ, ಕೆಲವರಿಗೆ ಮೂರು ವಾರವೂ ಬೇಕು. ಮೂರನೆಯ ದಿನ ಹೆಚ್ಚಾಯಿತೆಂದು ಗಾಬರಿಯಾಗಿ ಔಷಧ ಬದಲಿಸುವವರು ಈ ಏರಿಳಿತವನ್ನು ನೆನಪಿಡಬೇಕು. ಆ್ಯಂಟಿಬಯಾಟಿಕ್ ಹನಿ ವೈರಸ್ಸಿನ ಮೇಲೆ ಏನೂ ಮಾಡುವುದಿಲ್ಲ.

ಬ್ಯಾಕ್ಟೀರಿಯಾದಿಂದ ಬರುವ ಕೆಂಗಣ್ಣು ದೊಡ್ಡವರಿಗಿಂತ ಮಕ್ಕಳಲ್ಲಿ ಹೆಚ್ಚು. ದಪ್ಪನೆಯ ಹಳದಿ ಅಥವಾ ಹಸಿರು ಗೀಜು ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ, ಬೆಳಿಗ್ಗೆ ರೆಪ್ಪೆಗಳು ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಕಿವಿನೋವೂ ಇದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಒಂದೇ ಬ್ಯಾಕ್ಟೀರಿಯಾ ಎರಡೂ ಕಡೆ ಸೇರಿಕೊಂಡಿರಬಹುದು, ಆಗ ಬರಿ ಹನಿ ಸಾಲದೆ ಬಾಯಿಯ ಮೂಲಕವೂ ಔಷಧ ಬೇಕಾಗುತ್ತದೆ. ಸೌಮ್ಯವಾದ ಬ್ಯಾಕ್ಟೀರಿಯಾ ಸೋಂಕು ಕೂಡ ಬಹಳಷ್ಟು ಮಕ್ಕಳಲ್ಲಿ ತಾನೇ ಹೋಗುತ್ತದೆ. ವೈದ್ಯರು ಬರೆದುಕೊಡುವ ಹನಿ ಆ ಅವಧಿಯನ್ನು ಕೆಲವು ದಿನ ಕಡಿಮೆ ಮಾಡುತ್ತದೆ.

ಅಲರ್ಜಿಯ ಕೆಂಗಣ್ಣಿಗೆ ತುರಿಕೆಯೇ ಗುರುತು. ಎರಡೂ ಕಣ್ಣು ಒಟ್ಟಿಗೆ ಕೆಂಪಾಗುತ್ತವೆ, ಮಗು ಸದಾ ಉಜ್ಜುತ್ತಲೇ ಇರುತ್ತದೆ, ಸೀನು ಮತ್ತು ಮೂಗಿನ ತುರಿಕೆ ಜೊತೆಗಿರುತ್ತವೆ. ಇದು ಯಾರಿಗೂ ಅಂಟುವುದಿಲ್ಲ. ಮಗುವನ್ನು ಶಾಲೆ ಬಿಡಿಸಬೇಕಾದ ಕಾರಣವೇ ಇಲ್ಲ. ಬಿಸಿಲು, ದೂಳಿರುವ ನಮ್ಮಂಥ ಪ್ರದೇಶಗಳಲ್ಲಿ ಸುಮಾರು 5ರಿಂದ 15 ವರ್ಷದವರೆಗಿನ ಮಕ್ಕಳಲ್ಲಿ, ಅದರಲ್ಲೂ ಹುಡುಗರಲ್ಲಿ, ವರ್ನಲ್ ಕೆರಟೋಕಂಜಂಕ್ಟಿವೈಟಿಸ್ ಎಂಬ ತೀವ್ರ ರೂಪ ಕಾಣುತ್ತದೆ. ನೂಲಿನಂತೆ ಎಳೆಯಾಗಿ ಬರುವ ಗೀಜು, ಮಣ್ಣುಬಣ್ಣಕ್ಕೆ ತಿರುಗಿದ ಬಿಳಿಗುಡ್ಡೆ, ವರ್ಷ ವರ್ಷವೂ ಬೇಸಿಗೆಗೆ ಮರುಕಳಿಸುವಿಕೆ ಇದರ ಲಕ್ಷಣ. ಇದನ್ನು ಕಣ್ಣಿನ ವೈದ್ಯರೇ ನೋಡಿಕೊಳ್ಳಬೇಕು. ವರ್ಷಗಟ್ಟಲೆ ಕಣ್ಣುಜ್ಜುವುದರಿಂದ ಕಾರ್ನಿಯಾ ತೆಳುವಾಗಿ ಮುಂಚಾಚುವ ಕೆರಟೋಕೋನಸ್ ಎಂಬ ತೊಂದರೆಯ ಸಾಧ್ಯತೆ ಹೆಚ್ಚುತ್ತದೆ.

ಹೆಜ್ಜೆ 3: ಕಣ್ಣನ್ನು ಶುಚಿ ಮಾಡುವ ಸರಿಯಾದ ಕ್ರಮ

ನೀರನ್ನು ಚೆನ್ನಾಗಿ ಕುದಿಸಿ ಆರಿಸಿ. ಉಗುರುಬೆಚ್ಚಗಿರುವಾಗ ಶುದ್ಧ ಹತ್ತಿಯ ಉಂಡೆಯನ್ನು ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಯ ಮೇಲೆ ಒಂದೆರಡು ನಿಮಿಷ ಇಡಿ. ಒಣಗಿದ ಗೀಜು ನೆನೆದು ಸಡಿಲವಾಗುತ್ತದೆ. ಅಂಟಿಕೊಂಡ ರೆಪ್ಪೆಗಳನ್ನು ಬೆರಳಿನಿಂದ ಎಳೆದು ಬಿಡಿಸಬೇಡಿ. ರೆಪ್ಪೆಗೂದಲು ಕಿತ್ತು ಮಗು ಬೆದರಿದರೆ ಆಮೇಲೆ ಹನಿ ಹಾಕಲೂ ಬಿಡುವುದಿಲ್ಲ.

ನಂತರ ಮೂಗಿನ ಕಡೆಯಿಂದ ಕಿವಿಯ ಕಡೆಗೆ ಒಂದೇ ಸಲ ಮೆಲ್ಲಗೆ ಒರೆಸಿ. ಆ ಹತ್ತಿಯನ್ನು ಎಸೆಯಿರಿ. ಮತ್ತೆ ಒರೆಸಲು ಹೊಸ ಹತ್ತಿ, ಇನ್ನೊಂದು ಕಣ್ಣಿಗೆ ಬೇರೆಯೇ ಹತ್ತಿ. ಬಳಸಿದ ಹತ್ತಿಯನ್ನು ಅದೇ ನೀರಿಗೆ ಮರಳಿ ಅದ್ದಬಾರದು. ಸೆರಗಿನ ತುದಿ, ಪಂಚೆಯ ಅಂಚು, ಹೆಗಲ ಮೇಲಿನ ಟವಲ್ ಇವುಗಳಿಂದ ಒರೆಸುವ ಅಭ್ಯಾಸ ನಮ್ಮಲ್ಲಿ ಎಷ್ಟು ಸಹಜವೆಂದರೆ ಕೈ ತಾನಾಗಿ ಅತ್ತ ಹೋಗುತ್ತದೆ. ಆ ಬಟ್ಟೆಯೇ ಸೋಂಕನ್ನು ಮನೆಯ ಉಳಿದವರಿಗೆ ಮುಟ್ಟಿಸುತ್ತದೆ. ದಿನಕ್ಕೆ ಎಷ್ಟು ಸಲ ಎಂಬ ಲೆಕ್ಕ ಬೇಡ, ಗೀಜು ಕಟ್ಟಿದಾಗಲೆಲ್ಲ ಮಾಡಿ.

ಉರಿ, ತುರಿಕೆ ಹೆಚ್ಚಿದ್ದರೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಐದು ನಿಮಿಷ ಇಟ್ಟರೆ ಹಿತವಾಗುತ್ತದೆ. ಜ್ವರ ಅಥವಾ ನೋವಿಗೆ ಮಗುವಿನ ತೂಕಕ್ಕೆ ವೈದ್ಯರು ಹೇಳಿರುವ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಮಕ್ಕಳಿಗೆ ಕೊಡಬಾರದು.

ಹೆಜ್ಜೆ 4: ಕಣ್ಣಿಗೆ ಹಾಕಬಾರದವು

ಇದನ್ನು ಮನೆಯ ಹಿರಿಯರಿಗೂ ಓದಿ ಹೇಳಿ. ಎದೆಹಾಲು, ಹರಳೆಣ್ಣೆ, ಜೇನುತುಪ್ಪ, ನಂದಿಬಟ್ಟಲು ಹೂವಿನ ರಸ, ಈರುಳ್ಳಿ ರಸ, ರೋಸ್ ವಾಟರ್. ಪ್ರೀತಿಯಿಂದಲೇ ಹಾಕುತ್ತಾರೆ, ಅನುಮಾನವಿಲ್ಲ. ಆದರೆ ಇವು ಯಾವುವೂ ಕ್ರಿಮಿರಹಿತವಲ್ಲ. ಕಣ್ಣಿನ ಮೇಲ್ಪದರ ಉಜ್ಜಿ ಉಜ್ಜಿ ಗೀರಿರುವಾಗ ಹೂವು, ಎಲೆ, ಮಣ್ಣಿನಿಂದ ಬಂದ ಶಿಲೀಂಧ್ರ ಒಳಸೇರಿದರೆ ಕಾರ್ನಿಯಾದಲ್ಲಿ ಹುಣ್ಣಾಗುತ್ತದೆ. ಆ ಹುಣ್ಣು ಮಾಗಿದ ಮೇಲೂ ಬಿಳಿಯ ಕಲೆ ಉಳಿದು ದೃಷ್ಟಿಯನ್ನು ಮುಚ್ಚಬಹುದು. ತಾನಾಗಿ ವಾಸಿಯಾಗಲಿದ್ದ ಕೆಂಗಣ್ಣಿಗೆ ಹಾಕಿದ ಮದ್ದಿನಿಂದ ಮಗು ಹೀಗೆ ಕಣ್ಣು ಕಳೆದುಕೊಳ್ಳಬೇಕಾಗಿಲ್ಲ. ಹಿರಿಯರ ಮನಸ್ಸು ನೋಯಿಸುವುದು ಬೇಡವೆಂದರೆ ಕುದಿಸಿ ಆರಿಸಿದ ನೀರಿನ ಹತ್ತಿಯನ್ನು ಅವರ ಕೈಗೇ ಕೊಡಿ. ಆರೈಕೆ ಮಾಡಿದ ಸಮಾಧಾನವೂ ಅವರಿಗೆ ಸಿಗುತ್ತದೆ.

ಕಾಡಿಗೆಯನ್ನು ಕಾಯಿಲೆಯ ದಿನಗಳಲ್ಲಂತೂ ಮುಟ್ಟಬೇಡಿ. ಒಂದೇ ಡಬ್ಬಿಯಿಂದ ಮನೆಮಂದಿಗೆಲ್ಲ ಹಚ್ಚುವ ಬೆರಳು ಸೋಂಕನ್ನೂ ಹಂಚುತ್ತದೆ. ಕೆಲವು ಕಾಡಿಗೆಗಳಲ್ಲಿ ಸೀಸ ಇರುವುದು ಗೊತ್ತಿರುವ ಸಂಗತಿ, ಹಾಗಾಗಿ ಎಳೆಯ ಮಕ್ಕಳಿಗೆ ಅದು ಯಾವಾಗಲೂ ಬೇಡ ಎಂಬುದೇ ನನ್ನ ನಿಲುವು.

ಮನೆಮದ್ದಿಗಿಂತ ನನಗೆ ಹೆಚ್ಚು ಭಯ ಔಷಧದ ಅಂಗಡಿಯ ಸ್ಟೀರಾಯ್ಡ್ ಹನಿಯ ಬಗ್ಗೆ. "ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ" ಎಂದರೆ ಹಲವು ಕಡೆ ಚೀಟಿ ಕೇಳದೆ ಕೊಡುತ್ತಾರೆ. ಅದರಲ್ಲಿ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಇರಬಹುದು. ಎಷ್ಟೋ ಸಲ ಆ್ಯಂಟಿಬಯಾಟಿಕ್ ಜೊತೆ ಬೆರೆತಿರುವುದರಿಂದ ಹೆಸರಿನಿಂದ ತಿಳಿಯುವುದಿಲ್ಲ. ಹಾಕಿದ ಮರುದಿನವೇ ಕೆಂಪು ಮಾಯ. ತಾಯಿತಂದೆಯರಿಗೆ ಖುಷಿ. ಆದರೆ ಒಳಗಿರುವುದು ಹರ್ಪಿಸ್ ಅಥವಾ ಶಿಲೀಂಧ್ರವಾದರೆ ಸ್ಟೀರಾಯ್ಡ್ ಅದಕ್ಕೆ ರಾಜಮಾರ್ಗ ತೆರೆದಂತೆ. ಅಲರ್ಜಿಯ ಮಕ್ಕಳಲ್ಲಿ ಕಥೆ ಇನ್ನೂ ದುಃಖದ್ದು. ಪ್ರತಿ ಬೇಸಿಗೆಗೂ ಅದೇ ಹನಿಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಹಾಕುತ್ತಾರೆ. ಕಣ್ಣೊಳಗಿನ ಒತ್ತಡ ಏರಿ ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಆಗುತ್ತದೆ, ಕೆಲವರಿಗೆ ಪೊರೆಯೂ (ಕ್ಯಾಟರಾಕ್ಟ್) ಬರುತ್ತದೆ. ಪೊರೆಗೆ ಶಸ್ತ್ರಚಿಕಿತ್ಸೆ ಇದೆ, ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳುವುದಿಲ್ಲ. ಅದು ನೋವಿಲ್ಲದೆ ಬರುವುದರಿಂದ ಮಗು ದೂರುವುದೂ ಇಲ್ಲ.

ಸ್ಟೀರಾಯ್ಡ್ ಎಂದರೆ ವಿಷ ಎಂದು ನಾನು ಹೇಳುತ್ತಿಲ್ಲ. ತೀವ್ರ ಅಲರ್ಜಿಯಲ್ಲಿ ಕಣ್ಣಿನ ವೈದ್ಯರು ಅದನ್ನು ಅಳತೆಯಿಟ್ಟು, ದಿನ ಗೊತ್ತುಮಾಡಿ, ಕಣ್ಣಿನ ಒತ್ತಡ ಪರೀಕ್ಷಿಸುತ್ತಾ ಬಳಸುತ್ತಾರೆ. ಆ ಪರೀಕ್ಷೆಯಿಲ್ಲದೆ, ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ತರುವುದು ಅಪಾಯ. ಬಾಟಲಿಯ ಮೇಲಿನ ಸಂಯೋಜನೆಯನ್ನು ಓದಿ. ಮೇಲಿನ ಮೂರು ಹೆಸರುಗಳಲ್ಲಿ ಒಂದಿದ್ದರೆ, ವೈದ್ಯರು ಈ ಮಗುವಿಗೆ ಈ ಸಲಕ್ಕೆಂದು ಬರೆದಿರದಿದ್ದರೆ ಹಾಕಬೇಡಿ. ಕಳೆದ ವರ್ಷ ಅಕ್ಕನಿಗೆ ಬರೆದುಕೊಟ್ಟ ಹನಿಯನ್ನು ಈ ವರ್ಷ ತಮ್ಮನಿಗೆ ಹಾಕುವುದೂ ಇದೇ ತಪ್ಪು.

ಇದೇ ಜಾಗದಲ್ಲಿ ಸುಣ್ಣದ ಮಾತನ್ನೂ ಹೇಳಿಬಿಡುತ್ತೇನೆ. ಎಲೆ ಅಡಿಕೆಯ ಸುಣ್ಣದ ಪೊಟ್ಟಣವನ್ನು ಮಕ್ಕಳು ಹಿಸುಕಿ ಆಡುವಾಗ ಅದು ಒಡೆದು ಕಣ್ಣಿಗೆ ಸಿಡಿಯುತ್ತದೆ. ಅದು ಕೆಂಗಣ್ಣಲ್ಲ, ಸುಟ್ಟ ಗಾಯ. ಆ ಕ್ಷಣವೇ ನಲ್ಲಿಯ ಕೆಳಗೆ ಅಥವಾ ಚೊಂಬಿನಿಂದ ಸುರಿಯುತ್ತಾ, ರೆಪ್ಪೆಗಳನ್ನು ಅಗಲಿಸಿ ಹಿಡಿದು, ಕನಿಷ್ಠ 15ರಿಂದ 30 ನಿಮಿಷ ನೀರು ಹಾಯಿಸಿ. ನಂತರ ಸೀದಾ ಕಣ್ಣಿನ ಆಸ್ಪತ್ರೆ. ತೊಳೆಯುವ ಮುಂಚೆ ವಾಹನ ಹುಡುಕುತ್ತಾ ಕಳೆದ ಪ್ರತಿ ನಿಮಿಷವೂ ಕಾರ್ನಿಯಾವನ್ನು ಸುಡುತ್ತಿರುತ್ತದೆ.

ಹೆಜ್ಜೆ 5: ವೈದ್ಯರು ಹನಿ ಬರೆದುಕೊಟ್ಟಿದ್ದರೆ ಹಾಕುವ ವಿಧಾನ

1. ಸೋಪಿನಿಂದ ಕೈ ತೊಳೆಯಿರಿ. ಬಾಟಲಿಯ ಅವಧಿ ನೋಡಿ, ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ.
2. ಮಗುವನ್ನು ಅಂಗಾತ ಮಲಗಿಸಿ. ಚಿಕ್ಕ ಮಗುವಾದರೆ ಕೈಗಳನ್ನು ಒಳಗೆ ಸೇರಿಸಿ ಹೊದಿಕೆಯಲ್ಲಿ ಸುತ್ತಿ, ಇನ್ನೊಬ್ಬರು ತಲೆ ಹಿಡಿದುಕೊಳ್ಳಲಿ.
3. ದೊಡ್ಡ ಮಗುವಾದರೆ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆದು, ಮೇಲಕ್ಕೆ ನೋಡಲು ಹೇಳಿ, ಆ ಸಣ್ಣ ಚೀಲದಲ್ಲಿ ಒಂದು ಹನಿ ಬಿಡಿ.
4. ಕಣ್ಣು ಬಿಗಿದು ಅಳುವ ಮಗುವಿನ ಜೊತೆ ಕುಸ್ತಿ ಬೇಡ. ಕಣ್ಣು ಮುಚ್ಚಿಕೊಂಡೇ ಇರಲು ಹೇಳಿ, ಮೂಗಿನ ಪಕ್ಕದ ಮೂಲೆಯಲ್ಲಿ ಹನಿ ಬಿಡಿ. ಕಣ್ಣು ತೆರೆದ ಕೂಡಲೇ ಅದು ಒಳಗೆ ಜಾರುತ್ತದೆ.
5. ಬಾಟಲಿಯ ತುದಿ ಕಣ್ಣಿಗೋ ರೆಪ್ಪೆಗೋ ತಾಗಬಾರದು.
6. ಮೂಗಿನ ಬದಿಯ ಮೂಲೆಯನ್ನು ಬೆರಳಿನಿಂದ ಒಂದು ನಿಮಿಷ ಮೃದುವಾಗಿ ಒತ್ತಿ ಹಿಡಿದರೆ ಔಷಧ ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತದೆ.
7. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಿ.

ಒಂದೇ ಹನಿ ಸಾಕು. ಹೆಚ್ಚು ಹಾಕಿದ್ದು ಕೆನ್ನೆಯ ಮೇಲೆ ಹರಿದುಹೋಗುತ್ತದೆ. ಮುಲಾಮು ಕೊಟ್ಟಿದ್ದರೆ ಅಕ್ಕಿಕಾಳಿನಷ್ಟು ಉದ್ದ ಕೆಳರೆಪ್ಪೆಯೊಳಗೆ ಹಚ್ಚಿ. ಸ್ವಲ್ಪ ಹೊತ್ತು ಕಣ್ಣು ಮಂಜಾಗುವುದರಿಂದ ರಾತ್ರಿ ಹಚ್ಚುವುದು ಅನುಕೂಲ. ಆ್ಯಂಟಿಬಯಾಟಿಕ್ ಆದರೆ ಕೆಂಪು ಇಳಿಯಿತೆಂದು ನಿಲ್ಲಿಸದೆ, ಹೇಳಿದಷ್ಟು ದಿನ ಪೂರ್ತಿ ಹಾಕಿ.

ಹೆಜ್ಜೆ 6: ಮನೆಯವರಿಗೆ ಹರಡದಂತೆ

ಕೆಂಗಣ್ಣಿರುವವರನ್ನು ನೋಡಿದರೆ ನಮಗೂ ಬರುತ್ತದೆ ಎಂಬುದು ಸುಳ್ಳು. ಕಪ್ಪು ಕನ್ನಡಕ ಬೆಳಕಿನ ಕಿರಿಕಿರಿ ತಗ್ಗಿಸುತ್ತದೆ, ಕಣ್ಣು ಮುಟ್ಟಿಕೊಳ್ಳುವುದನ್ನು ಒಂದಿಷ್ಟು ತಡೆಯುತ್ತದೆ, ಅಷ್ಟೇ. ಸೋಂಕು ಹರಡುವುದು ಮುಖ್ಯವಾಗಿ ಕೈಯಿಂದ: ಮಗು ಕಣ್ಣುಜ್ಜಿದ ಕೈಯಲ್ಲಿ ಟಿವಿ ರಿಮೋಟ್ ಮುಟ್ಟುತ್ತದೆ, ಅದನ್ನೇ ತಂಗಿ ಮುಟ್ಟುತ್ತಾಳೆ, ಆಮೇಲೆ ತನ್ನ ಕಣ್ಣು ಮುಟ್ಟಿಕೊಳ್ಳುತ್ತಾಳೆ. ಅಡಿನೋವೈರಸ್ ಪ್ಲಾಸ್ಟಿಕ್, ಲೋಹಗಳ ಮೇಲೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಜೀವಂತ ಉಳಿಯಬಲ್ಲದು. ಆಲ್ಕೊಹಾಲ್ ಸ್ಯಾನಿಟೈಸರ್‌ಗೂ ಅದು ಸುಲಭವಾಗಿ ಬಗ್ಗುವುದಿಲ್ಲ. ಹಾಗಾಗಿ ಸೋಪು ಮತ್ತು ಹರಿಯುವ ನೀರಿನಲ್ಲಿ 20 ಸೆಕೆಂಡು ಕೈ ತೊಳೆಯುವುದೇ ಮೇಲು, ಆರೈಕೆ ಮಾಡುವವರಿಗಂತೂ ಪ್ರತಿ ಸಲವೂ.

ಮಗುವಿಗೆ ಬೇರೆ ಟವಲ್, ಬೇರೆ ದಿಂಬು ಕೊಡಿ. ದಿಂಬಿನ ಹೊದಿಕೆಯನ್ನು ದಿನವೂ ಬದಲಿಸಿ, ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಎರಡು ಮಕ್ಕಳಿಗೆ ಬಂದಿದ್ದರೆ ಎರಡು ಬಾಟಲಿ. ಇನ್ನೊಬ್ಬರಿಗೆ ಸೋಂಕು ತಗುಲಿದ್ದರೂ ಕಾಣಿಸಿಕೊಳ್ಳಲು ಒಂದು ವಾರ, ಕೆಲವೊಮ್ಮೆ ಎರಡು ವಾರ ಬೇಕಾಗಬಹುದು. ಮೊದಲ ಮಗು ಗುಣವಾಯಿತೆಂದು ಎಚ್ಚರಿಕೆಯನ್ನು ತಟ್ಟನೆ ಬಿಡಬೇಡಿ. ಈಜುಕೊಳ ಪೂರ್ತಿ ಗುಣವಾಗುವವರೆಗೆ ಬೇಡ.

ಹೆಜ್ಜೆ 7: ಶಾಲೆಗೆ ಯಾವಾಗ

ಕಣ್ಣಿನಿಂದ ನೀರು ಮತ್ತು ಗೀಜು ಬರುವುದು ನಿಲ್ಲುವವರೆಗೆ ಮನೆಯಲ್ಲಿರಿಸುವುದು ಒಳ್ಳೆಯದು. ಬ್ಯಾಕ್ಟೀರಿಯಾ ಸೋಂಕಾಗಿದ್ದು ಹನಿ ಶುರುಮಾಡಿದ್ದರೆ 24 ಗಂಟೆ ಕಳೆದು ಗೀಜು ತಗ್ಗಿದ ಮೇಲೆ ಕಳುಹಿಸಬಹುದು. ತುಸು ಕೆಂಪು ಉಳಿದಿದೆ ಎಂಬ ಒಂದೇ ಕಾರಣಕ್ಕೆ ವಾರಗಟ್ಟಲೆ ಶಾಲೆ ತಪ್ಪಿಸಬೇಕಿಲ್ಲ. ಪುಟ್ಟ ಮಕ್ಕಳು ಕೈಕೈ ಹಿಡಿದು ಆಡುವ ಅಂಗನವಾಡಿ, ಶಿಶುವಿಹಾರಗಳ ವಿಷಯದಲ್ಲಿ ಇನ್ನೂ ಒಂದೆರಡು ದಿನ ತಡೆದರೆ ಉತ್ತಮ. ಅಲರ್ಜಿ ಎಂದು ವೈದ್ಯರು ಹೇಳಿದ್ದರೆ ಶಿಕ್ಷಕರಿಗೆ ಒಂದು ಚೀಟಿ ಬರೆದು ಕಳುಹಿಸಿ. ಇಲ್ಲವಾದರೆ ಆ ಮಗುವನ್ನು ತಿಳಿಯದೆ ಬೆಂಚಿನ ತುದಿಗೆ ಕೂರಿಸಿಬಿಡುತ್ತಾರೆ.

ಹೆಜ್ಜೆ 8: ಮತ್ತೆ ತೋರಿಸಬೇಕಾದ ಸಂದರ್ಭ

ಆ್ಯಂಟಿಬಯಾಟಿಕ್ ಹನಿ ಶುರುಮಾಡಿ ಎರಡು ಮೂರು ದಿನವಾದರೂ ಗೀಜು ಕಡಿಮೆಯಾಗದಿದ್ದರೆ, ಹನಿ ಹಾಕಿದ ಮೇಲೆ ರೆಪ್ಪೆ ಇನ್ನಷ್ಟು ಊದಿ ತುರಿಸಿದರೆ, ಕೆಂಪು ಎರಡು ವಾರ ದಾಟಿದರೆ ಮತ್ತೆ ಹೋಗಿ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಶುರುಮಾಡಬಹುದು. ಅಲ್ಲಿಂದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಕಳುಹಿಸುತ್ತಾರೆ. ಬೆಂಗಳೂರಿನವರಿಗೆ ಸರ್ಕಾರಿ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ. ಹೋಗುವಾಗ ಈವರೆಗೆ ಹಾಕಿದ ಎಲ್ಲ ಬಾಟಲಿಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ಮನೆಮದ್ದು ಹಾಕಿದ್ದರೆ ಮುಚ್ಚಿಡದೆ ಹೇಳಿ. ಬೈಗುಳಕ್ಕೆ ಹೆದರಿ ಬಚ್ಚಿಟ್ಟರೆ ಚಿಕಿತ್ಸೆ ದಾರಿ ತಪ್ಪುತ್ತದೆ.

ಅಡಿನೋವೈರಸ್ ಸೋಂಕು ವಾಸಿಯಾದ ಮೇಲೆ ಕೆಲವು ಮಕ್ಕಳಿಗೆ ಕಾರ್ನಿಯಾದಲ್ಲಿ ಸಣ್ಣ ಚುಕ್ಕೆಗಳು ಉಳಿದು, ವಾರಗಳ ಕಾಲ ಮಂಜು ಮತ್ತು ದೀಪದ ಸುತ್ತ ಪ್ರಭೆ ಕಾಣುತ್ತದೆ. ಕಣ್ಣು ಬೆಳ್ಳಗೆ ತಿಳಿಯಾಗಿದೆ, ಆದರೂ ಮಗು ಕರಿಹಲಗೆ ಕಾಣುವುದಿಲ್ಲ ಎನ್ನುತ್ತದೆ ಎಂದರೆ ನೆಪ ಎಂದು ತಳ್ಳಿಹಾಕಬೇಡಿ. ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆಯ ಕ್ಯಾಲೆಂಡರ್ ಓದಿಸಿ ನೋಡಿ, ವ್ಯತ್ಯಾಸ ಕಂಡರೆ ಕಣ್ಣಿನ ವೈದ್ಯರಿಗೆ ತೋರಿಸಿ. ಉಳಿದ ಹನಿಯನ್ನು ಮುಂದಿನ ಸಲಕ್ಕೆಂದು ಫ್ರಿಜ್‌ನಲ್ಲಿ ಇಡಬೇಡಿ, ಎಸೆದುಬಿಡಿ.